ಬಾವಿಯೊಳಗಿಂದ ಕಂಡ ಎರಡು ಮುಖ

ಹಾಸನದ ಒಂದು ಸಣ್ಣ ದಿನಪತ್ರಿಕೆಯಲ್ಲಿ ನನ್ನ ಆಯಸ್ಸೆಲ್ಲ ಕಳೆಯಿತು. ಭಾನುವಾರದ ಪುರವಣಿ ನನ್ನ ಪಾಲಿನದು. ಅದರಲ್ಲಿ ಓದುಗರೇ ತಮ್ಮ ಬದುಕಿನದೊಂದು ಸಂಗತಿ ಬರೆದು ಕಳಿಸುವ ಅಂಕಣವಿತ್ತು. ಅರಕಲಗೂಡಿನ ನರ್ಸು, ಹೊಳೆನರಸೀಪುರದ ಟೈಲರು, ಚನ್ನರಾಯಪಟ್ಟಣದ ಕೊಬ್ಬರಿ ಮಂಡಿಯವರು, ಯಾರು ಬೇಕಾದರೂ ಬರೆಯಬಹುದಿತ್ತು. ಷರತ್ತು ಒಂದೇ, ಬರೆದದ್ದು ಬರೆದವರಿಗೇ ಆಗಿರಬೇಕು. ಅದನ್ನು ಓದಿ, ತಿದ್ದಿ, ಅಳತೆಗೆ ತಂದು ಪುಟದಲ್ಲಿ ಕೂರಿಸುವುದು ನನ್ನ ಕೆಲಸ.

ಈಗ ನಿವೃತ್ತಿಯಾಗಿ ಮನೆಯಲ್ಲಿದ್ದೇನೆ. ಪತ್ರಿಕೋದ್ಯಮ ಓದುವ ಹುಡುಗಿಯರು ಆಗಾಗ ಬರುತ್ತಾರೆ. ಮೊಬೈಲನ್ನು ನನ್ನ ಮೂಗಿನ ಹತ್ತಿರ ಇಟ್ಟು, "ಮೇಡಂ, ಪರ್ಸನಲ್ ಎಸ್ಸೆ ಬರೆಯೋದು ಹೇಗೆ? ಅದರ ಸ್ಟ್ರಕ್ಚರ್ ಬಗ್ಗೆ ಒಂದೆರಡು ಪಾಯಿಂಟ್ ಹೇಳಿ" ಅನ್ನುತ್ತಾರೆ. ಪಾಯಿಂಟಂತೆ ಪಾಯಿಂಟು! ಕಾಫಿ ಕೊಟ್ಟು ಕಳಿಸಿಬಿಡುತ್ತೇನೆ. ಆದರೂ ಈ ಕೆಲಸಕ್ಕೆ ಬರುವವರಿಗೆ ಒಂದಿಷ್ಟು ಹೇಳಬೇಕು ಅನ್ನಿಸಿ ಈಗ ಬರೆಯಲು ಕೂತಿದ್ದೇನೆ. ನಾನು ಯಾವಾಗ ಹಿರಿಯ ಉಪಸಂಪಾದಕಿಯಾದೆ, ಯಾರು ಹಾರ ಹಾಕಿದರು ಅನ್ನುವುದೆಲ್ಲ ಇಲ್ಲಿಲ್ಲ. ಅದರಲ್ಲಿ ನಿಮಗೂ ಆಸಕ್ತಿ ಇರಲಾರದು, ನನಗಂತೂ ಇಲ್ಲ.

ಈ ಕೆಲಸ ನೀವು ಅಂದುಕೊಂಡಷ್ಟು ತಣ್ಣಗಿನದಲ್ಲ ಅಂತ ಮೊದಲೇ ಹೇಳಿಬಿಡುತ್ತೇನೆ. ಬೇರೆಯವರ ನೆನಪಿನೊಳಗೆ ದಿನಾ ಕೈ ಹಾಕುತ್ತೀರಿ. ಒಂದೊಂದು ಸಲ ಒಳಗಿಂದ ಯಾರೋ ಕೈ ಹಿಡಿದುಕೊಂಡ ಹಾಗಾಗುತ್ತದೆ. ನನಗೆ ಆಗಿದೆ.

ಕೆಲಸಕ್ಕೆ ಸೇರಿದಾಗ ನಮ್ಮ ಸಂಪಾದಕರು ಒಬ್ಬ ವಯಸ್ಸಾದವರು. ನಾವೆಲ್ಲ ಅವರನ್ನು ದೊಡ್ಡೋರು ಅನ್ನುತ್ತಿದ್ದೆವು. ಬಾಯಿ ತುಂಬ ಎಲೆ ಅಡಿಕೆ, ಕೈಯಲ್ಲಿ ಕೆಂಪು ಪೆನ್ಸಿಲ್. ನಾನು ತಿದ್ದಿದ ಮೊದಲ ಪ್ರಬಂಧವನ್ನು ಹೆಮ್ಮೆಯಿಂದ ಅವರ ಮುಂದಿಟ್ಟೆ. ಮಹಾನುಭಾವರು ಮೊದಲ ಹಾಳೆಯನ್ನು ಪರ್ರನೆ ಹರಿದು ಬುಟ್ಟಿಗೆ ಹಾಕಿಬಿಟ್ಟರು! ನನಗೆ ಕಣ್ಣಲ್ಲಿ ನೀರು ಬಂತು.

"ಅಳಬೇಡ. ಜನ ಯಾರ ಮನೆಗಾದ್ರೂ ಹೋದಾಗ ಬಾಗಿಲಲ್ಲಿ ನಿಂತು ಮೊದಲು ಕೆಮ್ಮುತಾರೆ ಕಣಮ್ಮ. ‘ಬಾಲ್ಯವೆಂದರೆ ಸುಂದರ, ಜೀವನವೆಂದರೆ ಪಯಣ’, ಇದೆಲ್ಲ ಕೆಮ್ಮು. ಕೆಮ್ಮಿ ಮುಗಿದ ಮೇಲೆ ಮಾತು ಶುರುವಾಗುತ್ತೆ. ಅಲ್ಲಿಂದ ಹಾಕು" ಅಂದರು.

ಆವತ್ತಿಂದ ಕೊನೆಯ ದಿನದವರೆಗೂ ಬಂದ ಪ್ರತಿ ಬರಹದಲ್ಲೂ ಕೆಮ್ಮು ಎಲ್ಲಿ ನಿಂತಿತು ಅಂತ ಮೊದಲು ಹುಡುಕಿದೆ. ಹೆಚ್ಚುಕಡಿಮೆ ಎರಡನೆಯ ಪ್ಯಾರಾದ ಹತ್ತಿರ ನಿಂತಿರುತ್ತದೆ. ನೀವೂ ನೋಡಿ.

ಅವರದು ಇನ್ನೊಂದು ಅಭ್ಯಾಸವಿತ್ತು. ಮೊದಮೊದಲು ಅದು ಹುಚ್ಚು ಅನ್ನಿಸುತ್ತಿತ್ತು. ಪ್ರತಿಯೊಂದು ಸನ್ನಿವೇಶದಲ್ಲೂ ಎಷ್ಟು ಜನ ಇದ್ದಾರೆ ಅಂತ ಅಂಚಿನಲ್ಲಿ ಪೆನ್ಸಿಲಿನಲ್ಲಿ ಗೆರೆ ಎಳೆದು ಎಣಿಸುತ್ತಿದ್ದರು. "ಬಸ್ ಕಂಡಕ್ಟರ್ ಥರ ತಲೆ ಎಣಿಸಮ್ಮ. ಹತ್ತಿದೋರು ಇಳಿದ್ರಾ? ಹತ್ತದೇ ಇರೋರು ಒಳಗೆ ಕೂತವ್ರಾ?" ಅನ್ನುವರು. ತಮಾಷೆ ಅಲ್ಲ. ಅಜ್ಜಿಗೆ ಊಟ ಬಡಿಸಿ, ಅವಳನ್ನು ಅಲ್ಲೇ ಮರೆತು, ಬರೆದವರು ಸ್ಕೂಲಿಗೆ ಹೊರಟುಬಿಟ್ಟಿರುತ್ತಾರೆ. ಊಟಕ್ಕೆ ಕೂತವರು ನಾಲ್ಕು ಜನ, ಕೈ ತೊಳೆಯಲು ಎದ್ದವರು ಐದು ಜನ. ಹೆಚ್ಚಾದ ಒಬ್ಬರು ಯಾರು ಅಂತ ಕೇಳಿದರೆ ಬರೆದವರೇ ಬೆಚ್ಚಿಬೀಳುತ್ತಾರೆ. "ಅಯ್ಯೋ ಮೇಡಂ, ಅದು ನಮ್ಮ ಚಿಕ್ಕಪ್ಪ. ಜಗಳ ಆಗಿ ಮನೆ ಬಿಟ್ಟು ಹೋದ್ರು. ಬರೀಬಾರದು ಅಂದ್ಕೊಂಡಿದ್ದೆ" ಅನ್ನುತ್ತಾರೆ. ಪ್ರಬಂಧ ಇರುವುದೇ ಆ ಚಿಕ್ಕಪ್ಪನಲ್ಲಿ! ಇದು ಎಷ್ಟು ಸಲ ಆಯಿತು ಅಂದರೆ, ಕೊನೆಕೊನೆಗೆ ತಲೆ ಎಣಿಸುವಾಗ ನನಗೆ ಸ್ವಲ್ಪ ಹೆದರಿಕೆಯೇ ಆಗುತ್ತಿತ್ತು.

ಎಡವಟ್ಟು ಮಾಡಿಲ್ಲವೇ ಅಂತ ಕೇಳಬೇಡಿ, ರಾಶಿ ಮಾಡಿದ್ದೇನೆ. ಅಚ್ಚಾದ ಪಟ್ಟಿಗಳನ್ನು ಕತ್ತರಿಸಿ ಗೋಂದು ಹಚ್ಚಿ ಪುಟ ಕಟ್ಟುತ್ತಿದ್ದ ಕಾಲ ಅದು. ಅರಕಲಗೂಡಿನ ಒಬ್ಬ ಮೇಷ್ಟ್ರು ತಮ್ಮ ತಾತ ತೀರಿಕೊಂಡದ್ದನ್ನು ಬರೆದಿದ್ದರು. ನಾನು ಒಂದು ಪಟ್ಟಿಯನ್ನು ಆಚೀಚೆ ಅಂಟಿಸಿಬಿಟ್ಟೆ. ಭಾನುವಾರದ ಪೇಪರಿನಲ್ಲಿ ಎರಡನೆಯ ಕಾಲಂನಲ್ಲಿ ತಾತನನ್ನು ಸುಟ್ಟು ಬಂದರು. ಮೂರನೆಯದರಲ್ಲಿ ತಾತ ಜಗಲಿಯ ಮೇಲೆ ಕೂತು "ನಶ್ಯದ ಡಬ್ಬಿ ಎಲ್ಲಿಟ್ಯೇ?" ಅಂತ ಅಜ್ಜಿಯನ್ನು ಕೇಳುತ್ತಿದ್ದಾರೆ. ದೊಡ್ಡೋರು "ಸತ್ತೋನನ್ನ ಎಬ್ಬಿಸಿ ಕೂರಿಸಿದ್ದೀಯಲ್ಲ ತಾಯಿ" ಅಂತ ಕೈಮುಗಿದರು.

ಎರಡು ದಿನ ಬಿಟ್ಟು ಆ ಮೇಷ್ಟ್ರು ಆಫೀಸಿಗೇ ಬಂದರು. ಬೈಸಿಕೊಳ್ಳಲು ತಯಾರಾಗಿ ನಿಂತೆ. ಅವರು ಕೂತು, ನೀರು ಕುಡಿದು, ಸಣ್ಣ ದನಿಯಲ್ಲಿ, "ತಿದ್ದುಪಡಿ ಹಾಕಬೇಡಿ" ಅಂದರು. "ನಮ್ಮಜ್ಜಿಗೆ ಓದಿ ಹೇಳಿದೆ. ‘ಇದು ಸರಿಯಾಗೈತೆ ಕಣ್ಲಾ, ತಿಥಿ ಆದ್ಮ್ಯಾಲೂ ಬಂದು ಕೇಳ್ತಾನೇ ಇದ್ರು. ನಾನು ಯಾರ್ಗೂ ಏಳಿರ್ನಿಲ್ಲ. ಪೇಪರ್ನೋರ್ಗೆ ಎಂಗೆ ಗೊತ್ತಾಯ್ತು?’ ಅಂತ ಕೇಳಿದಳು."

ಹೇಳಿ ಅವರು ನನ್ನ ಮುಖವನ್ನೇ ನೋಡುತ್ತ ಕೂತರು. ಅಜ್ಜಿಗೆ ಏನು ಉತ್ತರ ಒಯ್ಯಲಿ ಅನ್ನುವ ಹಾಗೆ. ನಾನು ಏನು ಹೇಳಲಿ? ಗೋಂದಿನ ಬಟ್ಟಲು ತೋರಿಸಲೇ? ಆಮೇಲಿಂದ ನಾನು ಪ್ರಬಂಧಗಳನ್ನು ಕ್ಯಾಲೆಂಡರಿನ ಪ್ರಕಾರ ಜೋಡಿಸುವುದನ್ನು ಬಿಟ್ಟೆ. ಹುಟ್ಟಿದ್ದರಿಂದ ಶುರುಮಾಡಿ ಸತ್ತದ್ದಕ್ಕೆ ನಿಲ್ಲಿಸಬೇಕು ಅಂತ ಏನೂ ಇಲ್ಲ. ಮನೆಯವರ ತಲೆಯಲ್ಲಿ ಯಾವುದು ಆದಮೇಲೆ ಯಾವುದು ಬರುತ್ತದೋ ಅದೇ ಅದರ ಕ್ರಮ.

ಮುಗಿಸುವುದರ ಬಗ್ಗೆ ನನಗೆ ಕಲಿಸಿದವರು ಬೂವನಹಳ್ಳಿ ಕಡೆಯ ಒಬ್ಬರು. ಪಾಪ, ತಮ್ಮೂರಲ್ಲಿ ಕಟ್ಟುತ್ತೇವೆ ಅಂದ ವಿಮಾನ ನಿಲ್ದಾಣಕ್ಕೆ ವಿಮಾನ ಬರುವುದನ್ನು ಕಾಯುವ ಬಗ್ಗೆ ಒಂದೇ ಪ್ರಬಂಧವನ್ನು ಹಿಗ್ಗಿಸಿ ಹಿಗ್ಗಿಸಿ ಕಳಿಸುತ್ತಿದ್ದರು. "ಸಾಕು ಮಾಡಿ ಸ್ವಾಮಿ" ಅಂದರೆ, "ವಿಮಾನ ಬಂದ್ಮೇಲೆ ಮುಗಿಸ್ತೀನಿ ಮೇಡಂ" ಅನ್ನುವರು. ಒಂದು ಸಲ ರೋಸಿಹೋಗಿ, ಅವರು ಹೊಲದಲ್ಲಿ ನಿಂತು ತಲೆಯೆತ್ತಿ ನೋಡುವಲ್ಲಿಗೇ ಕತ್ತರಿಸಿ ಹಾಕಿದೆ. ಅದರ ಕೆಳಗೆ ಒಂದೂವರೆ ಪುಟ ನೀತಿಪಾಠವಿತ್ತು, ಎಲ್ಲ ಬುಟ್ಟಿಗೆ ಹೋಯಿತು. ಅದನ್ನು ಮೆಚ್ಚಿ ಆಫೀಸಿಗೆ ಬಂದಷ್ಟು ಫೋನು ಆ ವರ್ಷ ಇನ್ಯಾವುದಕ್ಕೂ ಬರಲಿಲ್ಲ.

ಆಮೇಲೆ ಕಾಲ ಬದಲಾಯಿತು. ಗೋಂದು ಹೋಯಿತು, ಕಂಪ್ಯೂಟರ್ ಬಂತು. ಅಂಚೆ ಕಡಿಮೆಯಾಗಿ ವಾಟ್ಸಾಪ್ ಬಂತು. ಟೈಪ್ ಮಾಡಲು ಬೇಜಾರಾದವರು ವಾಯ್ಸ್ ಮೆಸೇಜ್ ಕಳಿಸತೊಡಗಿದರು. ನನ್ನ ಕೊನೆಯ ಒಂದೆರಡು ವರ್ಷದಲ್ಲಂತೂ ಮೊಬೈಲೇ ಬರೆದುಕೊಟ್ಟ ಪ್ರಬಂಧಗಳು ಬರಲು ಶುರುವಾದವು. ಒಂದೇ ವಾರ ಬೇರೆ ಬೇರೆ ಊರಿನ ಮೂವರು ತಮ್ಮ ತಮ್ಮ ಅಜ್ಜಿಯ ಬಗ್ಗೆ ಕಳಿಸಿದರು. ಮೂವರ ಅಜ್ಜಿಗೂ ನಡುಗುವ ಕೈ, ಸುಕ್ಕುಗಟ್ಟಿದ ನಗು. ಮೂವರೂ ಸಂಜೆ ಬಾಗಿಲಲ್ಲಿ ಕೂತು ದಾರಿ ನೋಡುತ್ತಾರೆ. ಒಬ್ಬರಿಗೂ ಹಲ್ಲುನೋವಿಲ್ಲ, ಸೊಸೆಯ ಮೇಲೆ ಸಿಟ್ಟಿಲ್ಲ. ಮೂರನ್ನೂ ಸಾಲಾಗಿ ಇಟ್ಟು ಓದಿದೆ. ಯಾರ ಮನೆಯವಳೂ ಅಲ್ಲದ ಒಬ್ಬ ಮುದುಕಿ ಊರೂರಿನ ಮನೆಯೊಳಗೆ ಹೋಗಿ ಕೂತು "ನಾನೇ ನಿಮ್ಮಜ್ಜಿ" ಅನ್ನುತ್ತಿದ್ದಾಳೆ. ಮನೆಯವರೂ ಹೂಂ ಅಂದುಬಿಟ್ಟಿದ್ದಾರೆ. ಮೂರನ್ನೂ ವಾಪಸ್ ಕಳಿಸಿದೆ.

ಇದನ್ನೆಲ್ಲ ಹೇಳಿದ್ದು ಯಾಕೆಂದರೆ, ಇಬ್ಬರು ಅಕ್ಕತಂಗಿಯರ ಬರಹ ಬಂದಾಗ ನಾನು ಮೊದಲು ಇದೇ ಅನುಮಾನಪಟ್ಟೆ.

ನಾನು ನಿವೃತ್ತಿಯಾಗುವ ವರ್ಷ ‘ನಾನು ಹೆದರಿದ ದಿನ’ ಅಂತ ವಿಷಯ ಕೊಟ್ಟಿದ್ದೆ. ಚನ್ನರಾಯಪಟ್ಟಣದ ಜಯಮ್ಮ ಎಂಬವರದು ಅಂಚೆಯಲ್ಲಿ ಬಂತು. ರೂಲಿನ ಹಾಳೆಯಲ್ಲಿ ದುಂಡನೆಯ ಕೈಬರಹ. ಚಿಕ್ಕವಳಾಗಿದ್ದಾಗ ಬಾವಿಗೆ ಬಿದ್ದು ಬದುಕಿ ಬಂದ ಕಥೆ. ರಾಮನಾಥಪುರದ ಹತ್ತಿರ ಅವರ ಹೊಗೆಸೊಪ್ಪಿನ ಹೊಲ, ಸೊಪ್ಪು ಬೇಯಿಸಿ ಒಣಗಿಸುವ ಬ್ಯಾರನ್ನು, ಅದರ ಹಿಂದೆ ಮೆಟ್ಟಿಲು ಬಾವಿ. ದೊಡ್ಡವರೆಲ್ಲ ಬ್ಯಾರನ್ನಿನ ಬೆಂಕಿಯ ಹತ್ತಿರ. ಮಗು ಸಣ್ಣ ಬಿಂದಿಗೆ ಹಿಡಿದು ಮೆಟ್ಟಿಲಿಳಿಯಿತು, ಪಾಚಿಯ ಮೇಲೆ ಕಾಲಿಟ್ಟಿತು. "ನೀರು ಹಸಿರಾಗಿತ್ತು. ಕಿವಿಯೊಳಗೆ ಯಾರೋ ರಾಗಿ ಬೀಸಿದ ಸದ್ದು. ತಲೆಯೆತ್ತಿ ನೋಡಿದರೆ ಬಾವಿಯ ಬಾಯಲ್ಲಿ ಎರಡು ಪುಟ್ಟ ಮುಖ. ಎರಡೂ ನಗುತ್ತಿದ್ದವು." ಕೆಮ್ಮೇ ಇಲ್ಲದ ಬರಹ. ಹಾಗೇ ಹಾಕಬಹುದು ಅಂತ ಎತ್ತಿಟ್ಟೆ.

ಅದೇ ವಾರ ಹೊಳೆನರಸೀಪುರದ ನಾಗರತ್ನ ಎಂಬವರ ವಾಯ್ಸ್ ಮೆಸೇಜ್ ಬಂತು. ಮನೆಯಲ್ಲೇ ಬಟ್ಟೆ ಹೊಲಿಯುವವರು. ಇಯರ್‌ಫೋನ್ ಹಾಕಿಕೊಂಡು ಬರೆದುಕೊಳ್ಳುತ್ತ ಹೋದೆ. ಹೊಗೆಸೊಪ್ಪಿನ ಹೊಲ, ಬ್ಯಾರನ್ನು, ಬಿಂದಿಗೆ. ನನ್ನ ಕೈ ನಿಂತಿತು. "ನೀರು ಅಸ್ರುಗಿತ್ತು ಮೇಡಂ. ಕಿವೀಲಿ ರಾಗಿ ಬೀಸ್ದಂಗೆ ಸದ್ದು. ತಲೆಯೆತ್ತಿ ನೋಡಿದ್ರೆ ಎರಡು ಮುಖ. ಎರಡೂ ನಗ್ತಿದ್ವು."

ಮೊಬೈಲ್ ಬರೆದುಕೊಟ್ಟದ್ದೇ ಇದು, ಇಬ್ಬರೂ ನನಗೆ ಟೋಪಿ ಹಾಕುತ್ತಿದ್ದಾರೆ ಅಂದುಕೊಂಡೆ. ಆದರೆ ಒಂದು ಹಾಳೆಯ ಮೇಲೆ ಶಾಯಿ ಚೆಲ್ಲಿತ್ತು. ಇನ್ನೊಂದರ ಹಿಂದೆ ಹೊಲಿಗೆ ಮಿಷನ್ನಿನ ಸದ್ದಿತ್ತು, ಹೇಳುತ್ತ ಹೇಳುತ್ತ ಆ ಹೆಂಗಸಿನ ದನಿ ನಡುಗಿತ್ತು. ಯಾವ ಮಿಷನ್ನಿಗೂ ಹಾಗೆ ನಡುಗಲು ಬರುವುದಿಲ್ಲ.

ಜಯಮ್ಮನಿಗೆ ಫೋನ್ ಮಾಡಿ, ಹೊಳೆನರಸೀಪುರದ ನಾಗರತ್ನ ಗೊತ್ತೇ ಅಂದೆ.

"ನನ್ ತಂಗಿ ಕಣಮ್ಮ, ಯಾಕೆ?"

ವಿಷಯ ಹೇಳಿದೆ. ಅವರು ಸಿಡಿದರು. "ಅವ್ಳೆಲ್ಲಿ ಬಿದ್ಲು? ಬಿದ್ದೋಳು ನಾನು! ಅವ್ಳು ಮ್ಯಾಲೆ ನಿಂತ್ಕಂಡು ಹಲ್ ಕಿರೀತಿದ್ಲು!"

ನಾಗರತ್ನನಿಗೆ ಮಾಡಿದೆ. "ಜಯಕ್ಕನಾ? ಜಯಕ್ಕ ಮ್ಯಾಲಿದ್ಲು ಮೇಡಂ. ನಾನೇ ಕಣ್ಣಾರೆ ನೋಡಿವ್ನಿ, ನೀರೊಳಗಿಂದ."

ಅಷ್ಟೇ, ಮನೆಗೆ ಬೆಂಕಿ ಬಿತ್ತು. ನನ್ನ ನೆನಪನ್ನು ನೀನು ಕದ್ದೆ ಅಂತ ಒಬ್ಬರು, ಹುಟ್ಟಿದಾಗಿನಿಂದ ನಂದೆಲ್ಲ ನಿಂಗೇ ಬೇಕು ಅಂತ ಇನ್ನೊಬ್ಬರು. ಇವರ ತಾಯಿ ದ್ಯಾವಮ್ಮ ಕೆಲವು ತಿಂಗಳು ಇಲ್ಲಿ, ಕೆಲವು ತಿಂಗಳು ಅಲ್ಲಿ ಅಂತ ಇಬ್ಬರ ಮನೆಯಲ್ಲೂ ಇರುತ್ತಿದ್ದರು. ಆಗ ನಾಗರತ್ನನ ಮನೆಯಲ್ಲಿದ್ದ ಅವರನ್ನು ಯುಗಾದಿ ಕಳೆದು ಜಯಮ್ಮ ಬಂದು ಕರೆದುಕೊಂಡು ಹೋಗಬೇಕಿತ್ತು, ಬರಲಿಲ್ಲ. ಆ ಸುಳ್ಳಿಯ ಹೊಸ್ತಿಲು ತುಳಿಯಲ್ಲ ಅಂದುಬಿಟ್ಟರಂತೆ.

ನಾಗರತ್ನ ನನಗೆ ಫೋನ್ ಮಾಡಿ ಅತ್ತರು. "ಮೇಡಂ, ಅವ್ವ ದಿನಾ ಚೀಲ ಕಟ್ಕಂಡು ಬಾಗಿಲಲ್ಲಿ ಕೂರ್ತಾಳೆ. ಜಯ ಬತ್ತಾಳೆ ಅಂತ. ಅನ್ನ ಸೇರ್ತಿಲ್ಲ. ನೀವೇ ತಂದಿಟ್ಟಿದ್ದು, ನೀವೇ ಬಗೆಹರಿಸಿ."

ಆಗ ನಮ್ಮಲ್ಲಿದ್ದ ಹೊಸ ಸಂಪಾದಕರು, "ಎರಡನ್ನೂ ಬಿಟ್ಟು ಬೇರೆ ಹಾಕಿ ಮೇಡಂ" ಅಂದರು. ಬಿಡಬಹುದಿತ್ತು. ಆದರೆ ಆ ಮುದುಕಿ ಚೀಲ ಹಿಡಿದು ಕೂತದ್ದು ಕಣ್ಣಿಗೆ ಕಟ್ಟಿತು. ಅದೂ ಅಲ್ಲದೆ ನಾನು ಅಷ್ಟರಲ್ಲಿ ತಲೆ ಎಣಿಸಿಬಿಟ್ಟಿದ್ದೆ. ಇಬ್ಬರ ಬರಹದಲ್ಲೂ ಮನೆಯಲ್ಲಿದ್ದ ಹುಡುಗಿಯರು ಇಬ್ಬರೇ. ಒಬ್ಬಳು ನೀರಿನಲ್ಲಿದ್ದರೆ ಮೇಲೆ ಇರಬೇಕಾದದ್ದು ಒಂದು ಮುಖ. ಅಲ್ಲಿ ಎರಡಿದ್ದವು. ಮತ್ತೆ ಮತ್ತೆ ಗೆರೆ ಎಳೆದು ನೋಡಿದೆ. ಎರಡೇ.

ರಜೆ ಹಾಕಿ ಮೊದಲು ಚನ್ನರಾಯಪಟ್ಟಣಕ್ಕೆ ಹೋದೆ. ಜಯಮ್ಮನ ಗಂಡನದು ಕೊಬ್ಬರಿ ವ್ಯಾಪಾರ. ಮನೆಯ ತುಂಬ ಒಣ ಕೊಬ್ಬರಿಯ ವಾಸನೆ. ಹಣೆಯ ಎಡಕ್ಕೆ ದೊಡ್ಡ ಮಚ್ಚೆಯಿದ್ದ ಗಟ್ಟಿ ಹೆಂಗಸು, ತಂಗಿಯನ್ನು ಬೈಯುತ್ತಲೇ ಕಾಫಿ ಮಾಡಿದರು. ಲೋಟ ಕೈಗೆ ಬಂದ ಮೇಲೆ ಕೇಳಿದೆ.

"ನೀವು ಒಳಗೆ. ಮೇಲೆ ನಾಗರತ್ನ. ಇನ್ನೊಂದು ಮುಖ ಯಾರದು?"

"ಯಾರೋ ಆಳುಮಕ್ಳು ಇರ್ಬೇಕು."

"ಪುಟ್ಟ ಮುಖ ಅಂತ ಬರೆದಿದ್ದೀರಿ."

ಅವರು ಬಾಗಿಲ ಕಡೆ ನೋಡಿದರು. "ಅದೇನ್ ಪೊಲೀಸ್ನೋರಂಗೆ ಕೇಳ್ತೀರಿ?" ಅಂತ ಸಿಟ್ಟಾಗಿ ಲೋಟ ಎತ್ತಿಕೊಂಡು ಒಳಗೆ ಹೋದರು. ಎಷ್ಟು ಹೊತ್ತಾದರೂ ಈಚೆಗೆ ಬರಲಿಲ್ಲ.

ನಾನು ಎದ್ದು ಬಸ್‌ಸ್ಟ್ಯಾಂಡಿಗೆ ಬಂದು ಹೊಳೆನರಸೀಪುರದ ಬಸ್ಸು ಹತ್ತಿದೆ. ಡ್ರೈವರು ಎಂಜಿನ್ ಶುರುಮಾಡಿದಾಗ ಯಾರೋ ಕಿಟಕಿ ಬಡಿದರು. ಜಯಮ್ಮ, ಏದುಸಿರು ಬಿಡುತ್ತ ನಿಂತಿದ್ದರು. ಕೈ ಹಣೆಯ ಮಚ್ಚೆಯ ಮೇಲಿತ್ತು.

"ಮೇಡಂ, ಆ ಇನ್ನೊಂದು ಮುಖ... ಅದಕ್ಕೆ ಇದಿತ್ತು. ಈ ಮಚ್ಚೆ ಇತ್ತು. ಅದು ನಾನೇ ಕಣಮ್ಮ. ನಾನು ಕೆಳಗಿಂದ ನನ್ನೇ ನೋಡ್ತಿದ್ದೆ."

ಬಸ್ಸು ಹೊರಟಿತು. ಹಾಡಹಗಲು, ಸುಡು ಬಿಸಿಲು. ಪಕ್ಕದಲ್ಲಿ ಒಬ್ಬಾಕೆ ಬುಟ್ಟಿ ತುಂಬ ಸೊಪ್ಪು ಇಟ್ಟುಕೊಂಡು ತೂಕಡಿಸುತ್ತಿದ್ದಳು. ಆದರೂ ನನಗೆ ಚಳಿ ಹಿಡಿಯಿತು, ಸೆರಗು ಹೊದ್ದುಕೊಂಡು ಕೂತೆ. ದಾರಿಯುದ್ದಕ್ಕೂ ಬಸ್ಸಿನಲ್ಲಿದ್ದವರ ತಲೆ ಎಣಿಸುತ್ತ ಹೋದೆ ಅಂದರೆ ನೀವು ನಗುತ್ತೀರಿ. ನಗಿ.

ನಾಗರತ್ನನ ಮನೆಯ ಬಾಗಿಲಲ್ಲಿ ದ್ಯಾವಮ್ಮ ಕೂತಿದ್ದರು. ಒಣಗಿದ ಸಣ್ಣ ಜೀವ, ತೊಡೆಯ ಮೇಲೆ ಚೀಲ. "ಜಯನ್ ಊರಿಂದ ಬಂದ್ರಾ?" ಅಂತ ಕೇಳಿದರು. ಹೌದು ಅಂದೆ. ಅವರೂ ನನ್ನ ಹಿಂದೆಯೇ ಒಳಗೆ ಬಂದು ಗೋಡೆಗೆ ಒರಗಿ ಕೂತರು.

ನಾಗರತ್ನ ಮಿಷನ್ನಿನ ಮುಂದಿದ್ದರು. ನಾನು ಸುತ್ತಿ ಬಳಸಲಿಲ್ಲ. "ಆ ಎರಡು ಮುಖದಲ್ಲಿ ಒಂದು ಜಯಮ್ಮನದು, ಇನ್ನೊಂದು..." ಅನ್ನುವಷ್ಟರಲ್ಲಿ ಅವರೇ, "ನಂದು" ಅಂದರು. ಅಂದಮೇಲೆ ತಾವು ಏನಂದೆ ಅಂತ ಗೊತ್ತಾಗಿ, ಹೊಲಿಯುತ್ತಿದ್ದ ಬಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. "ನಾನ್ ಒಳಗಿದ್ರೆ ನನ್ ಮುಖ ಮ್ಯಾಲೆಂಗ್ ಇರ್ತದೆ ಮೇಡಂ? ಇಷ್ಟ್ ವರ್ಷ ನಂಗ್ ಇದು ತೋಚೇ ಇಲ್ವಲ್ಲ!"

ಹೊರಗೆ ರಸ್ತೆಯಲ್ಲಿ ಒಂದು ಆಟೋ ಹೋಯಿತು. ಆಗ ಗೋಡೆಯ ಹತ್ತಿರದಿಂದ ಮುದುಕಿಯ ದನಿ ಬಂತು.

"ಬಾವಿ ತಾವಿದ್ದದ್ದು ಮೂರ್ ಮಕ್ಳು ಕಣವ್ವ."

ನಾಗರತ್ನ ತಿರುಗಿದರು.

"ಒಳಗಿದ್ದೋಳು ಇಂದ್ರಾಣಿ."

"ಯಾವ ಇಂದ್ರಾಣಿ? ಯಾರವ್ವ ಇಂದ್ರಾಣಿ?"

ತಮಗಿಂತ ಮುಂಚೆ ಒಂದು ಕೂಸು ಹೋಯಿತು ಅಂತ ಮಾತ್ರ ನಾಗರತ್ನ ಕೇಳಿದ್ದರಂತೆ. ಹಸುಗೂಸಿರಬೇಕು ಅಂದುಕೊಂಡಿದ್ದರು. ಹೆಸರಿತ್ತು, ಜಡೆಯಿತ್ತು, ತಂಗಿಯರನ್ನು ಸೊಂಟದ ಮೇಲೆ ಹೊತ್ತು ತಿರುಗುತ್ತಿತ್ತು ಅಂತ ಯಾರೂ ಹೇಳಿರಲಿಲ್ಲ. ಜಯಮ್ಮ, ನಾಗರತ್ನ ಇಬ್ಬರೂ ಆಗ ಇನ್ನೂ ಅಂಗನವಾಡಿಯ ವಯಸ್ಸಿನವರು.

ದ್ಯಾವಮ್ಮ ಚೀಲ ತಬ್ಬಿಕೊಂಡು ಹೇಳಿದರು. ಒಮ್ಮೆಯೂ ನಿಲ್ಲಲಿಲ್ಲ.

"ಅವ್ಳು ಬದುಕೇ ಮ್ಯಾಲ್ ಬಂದ್ಲು. ಬ್ಯಾರನ್ಗೆ ಬೆಂಕಿ ಆಕೋನು ಅಗ್ಗ ಕಟ್ಕಂಡು ಇಳ್ದು ಎತ್ಕಂಡ್ ಬಂದ. ಬ್ಯಾರನ್ ಗ್ವಾಡೆ ಬೆಚ್ಗಿರ್ತದಲ್ಲ, ಅಲ್ಲೇ ಮಲಗ್ಸಿದ್ದೆ. ಇವೆರಡನ್ನೂ ಆ ಮಗ್ಲು ಈ ಮಗ್ಲು ಕೂರಿಸ್ಕಂಡು ಅದೇ ಏಳದು, ಅದೇ ಏಳದು. ‘ನಾನ್ ಬಿದ್ನಾ, ನೀರು ಅಸ್ರುಗಿತ್ತು. ಕಿವೀಲಿ ರಾಗಿ ಬೀಸ್ದಂಗಾಯ್ತು. ಮ್ಯಾಲ್ ನೋಡಿದ್ರೆ ನಿಮ್ಮಿಬ್ರ ಮುಖ. ನಗ್ತಿದ್ರಿ’ ಅಂತ. ಸಾಕ್ ಬಾಯ್ಮುಚ್ಚೇ, ಸುಸ್ತಾಯ್ತದೆ ಅಂತ ಬೈದೆ. ಎದೆಗೆ ನೀರಿಳ್ದಿತ್ತೋ ಏನೋ. ಜ್ವರ ಬಂತು. ಓಗ್ಬುಟ್ಲು."

ನಾಗರತ್ನ ಬಾಯಿಯ ಮೇಲೆ ಕೈ ಇಟ್ಟುಕೊಂಡರು.

"ಆಮ್ಯಾಕೆ ಒಂದಿನ ರಾಗಿ ಬೀಸ್ತಾ ಕೂತಿದ್ದೆ. ನೀನು ಬಂದು ತೊಡೆ ಮ್ಯಾಲೆ ಕೂತ್ಕಂಡು, ‘ಅವ್ವ, ನಾನ್ ಬಿದ್ನಾ, ನೀರು ಅಸ್ರುಗಿತ್ತು’ ಅಂದೆ. ಅದೇ ಮಾತು, ಅದೇ ರಾಗ. ಅವ್ಳಂಗೇ ನಡುನಡುವೆ ಮೂಗೇರ್ಸದು ಬೇರೆ. ನನ್ ಕೈ ಕಲ್ ಮ್ಯಾಲೇ ನಿಂತೋಯ್ತು. ಆಮ್ಯಾಲೆ ಜಯಾನೂ ಶುರುಮಾಡಿದ್ಲು."

"ನೀವು ತಡೆಯಲಿಲ್ಲವೇ?" ಅಂತ ನಾನು ಕೇಳಿಬಿಟ್ಟೆ.

"ಎಂಗ್ ತಡೀಲವ್ವ? ಅವ್ಳೇ ಬಂದು ಮಾತಾಡ್ದಂಗಾಗದು. ಇನ್ನೊಂದ್ಸಲ ಏಳು, ಇನ್ನೊಂದ್ಸಲ ಏಳು ಅಂತ ನಾನೇ ಕೇಳ್ತಿದ್ದೆ."

ನಾನು ಈ ಕೆಲಸದಲ್ಲಿ ಎಷ್ಟೋ ಅಳು ನೋಡಿದ್ದೇನೆ, ಆದರೆ ಹಾಗೆ ಕಣ್ಣಲ್ಲಿ ಹನಿಯಿಲ್ಲದೆ ಅತ್ತವರನ್ನು ನೋಡಿಲ್ಲ. ನಾಗರತ್ನ ತಾಯಿಯ ಹತ್ತಿರಕ್ಕೆ ಸರಿದು, "ಅಂಗಾದ್ರೆ ಮ್ಯಾಲೆ ನಿಂತು ನಗ್ತಿದ್ದೋರು ನಾವಾ?" ಅಂದರು.

"ಮಕ್ಳು ಕಣೇ ನೀವು. ಆಟ ಅಂದ್ಕಂಡ್ರಿ. ಅವ್ಳಿಗೂ ಗೊತ್ತಿತ್ತು. ಬೈಲೇ ಇಲ್ಲ ಅವ್ಳು ನಿಮ್ಮುನ್ನ."

ಜಯಮ್ಮನಿಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದೆವು. ಮುದುಕಿ, "ಜಯಾ, ನಿಂಗೊಬ್ಳು ಅಕ್ಕ ಇದ್ಲು ಕಣೇ, ಇಂದ್ರಾಣಿ ಅಂತ" ಅಂದರು. ಆ ಕಡೆ ಫೋನ್ ಕಟ್ಟಾಯಿತು. ಹೊತ್ತು ಮುಳುಗುವುದರೊಳಗೆ ಬಾಗಿಲಿಗೆ ಆಟೋ ಬಂತು. ಹೊಸ್ತಿಲು ತುಳಿಯಲ್ಲ ಅಂದಿದ್ದ ಜಯಮ್ಮ ಚಪ್ಪಲಿ ಸಮೇತ ಒಳಗೆ ಬಂದು ತಾಯಿಯ ತೊಡೆಯ ಮೇಲೆ ಬಿದ್ದರು. ನಾಗರತ್ನ ಹೋಗಿ ಅವರ ಬೆನ್ನಿಗೆ ಒರಗಿದರು. ನಾನು ಸದ್ದಿಲ್ಲದೆ ಹಾಸನ ಬಸ್ಸು ಹಿಡಿದೆ.

ಕೆಲವು ದಿನ ಬಿಟ್ಟು ಅವರೇ ಕರೆದರು, ಇಬ್ಬರೂ ಸೇರಿ ಬರೆಯುತ್ತೇವೆ ಅಂತ. ಬರಹ ಈಗ ‘ಅವಳು’ ಆಗಿತ್ತು. "ಅವಳು ಬಿದ್ದಳು. ಅವಳು ಮೇಲೆ ನೋಡಿದಳು." ಎಲ್ಲ ಸರಿ, ತಪ್ಪಿಲ್ಲ. ಆದರೆ ಓದಿದರೆ ಪೊಲೀಸ್ ಸ್ಟೇಷನ್ನಿನ ಮಹಜರಿನ ಹಾಗಿತ್ತು. ನೀರು ಹಸಿರಾಗಿತ್ತು ಅನ್ನುವುದು ಇಬ್ಬರಿಗೂ ಹೇಗೆ ಗೊತ್ತು? ನೋಡಿದವಳು ಹೇಳಬೇಕಲ್ಲ. ಜೀವ ಹೋಗಿತ್ತು ಬರಹದಲ್ಲಿ. ಎರಡು ಮೂರು ಥರ ತಿದ್ದಿ ನೋಡಿದೆ. ನನ್ನ ಅಷ್ಟು ವರ್ಷದ ಕಸುಬು ಕೆಲಸಕ್ಕೆ ಬರಲಿಲ್ಲ.

ಓದಿಸಿಕೊಂಡು ಕೇಳುತ್ತಿದ್ದ ದ್ಯಾವಮ್ಮ ತಲೆಯಾಡಿಸಿದರು. "ಅವ್ಳು ಇಂಗೇಳಿರ್ನಿಲ್ಲ. ‘ನಾನ್ ಬಿದ್ನಾ’ ಅಂತಲೇ ಏಳಿದ್ದು. ಅವ್ಳ್ ಏಳ್ದಂಗೇ ಬರೀರಿ."

ಅದೇ ಸರಿ. ಯಾರಿಗೆ ಆಯಿತೋ ಅವರೇ ಬರೆಯಬೇಕು ಅನ್ನುವುದು ನಮ್ಮ ಷರತ್ತು. ಬರೆದವಳು ಅವಳೇ. ಇವರಿಬ್ಬರೂ ಬಾಯಿಪಾಠ ಮಾಡಿ ಕಾಪಾಡಿದ್ದರು, ಅಷ್ಟೆ. ಜಯಮ್ಮನ ಮೊದಲಿನ ಹಾಳೆಯನ್ನೇ ತೆಗೆದುಕೊಂಡು, ‘ಎರಡು ಪುಟ್ಟ ಮುಖ’ ಅನ್ನುವ ಕಡೆ ‘ನನ್ನ ತಂಗಿಯರ ಮುಖ’ ಅಂತ ಮಾಡಿದೆ. ಉಳಿದದ್ದನ್ನು ಮುಟ್ಟಲಿಲ್ಲ. ಮೇಲೆ ಹೆಸರು: ಇಂದ್ರಾಣಿ. ಕೆಳಗೆ ಸಣ್ಣ ಅಕ್ಷರದಲ್ಲಿ, ಇದು ಆಕೆ ಬದುಕಿದ್ದಾಗ ತಂಗಿಯರಿಗೆ ಹೇಳಿದ್ದು, ಬರೆದುಕೊಂಡವರು ಜಯಮ್ಮ ಮತ್ತು ನಾಗರತ್ನ ಅಂತ ಹಾಕಿದೆ.

ಹೊಸ ಸಂಪಾದಕರು ಓದಿ ಹಾಳೆಯನ್ನು ಮೇಜಿನ ಮೇಲಿಟ್ಟರು. ಆಮೇಲೆ ಮೆಲ್ಲಗೆ, "ಹೆಸರಿನ ಪಕ್ಕ ಮೊಬೈಲ್ ನಂಬರ್ ಬೇಕಲ್ಲ ಮೇಡಂ, ಈಗ ಎಲ್ಲರದೂ ಹಾಕ್ತೀವಿ" ಅಂದರು. ನಾನು ಕೇಳಿದಾಗ, ದ್ಯಾವಮ್ಮನ ಸೊಂಟದ ಚೀಲದಲ್ಲಿದ್ದ ಗುಂಡಿ ಒತ್ತುವ ಹಳೇ ಫೋನಿನ ನಂಬರನ್ನು ಮಕ್ಕಳು ಕೊಟ್ಟರು.

ಆ ಭಾನುವಾರ ಪೇಪರು ತೆಗೆದುಕೊಂಡು ನಾನೇ ನಾಗರತ್ನನ ಮನೆಗೆ ಹೋದೆ. ಇಬ್ಬರು ಮಕ್ಕಳ ನಡುವೆ ದ್ಯಾವಮ್ಮ ಕೂತಿದ್ದರು. ಜಯಮ್ಮ ಜೋರಾಗಿ ಓದುತ್ತಿದ್ದರು. ಓದು ಮುಗಿದಿರಲಿಲ್ಲ, ಮುದುಕಿಯ ಸೊಂಟದಲ್ಲಿ ಫೋನು ಹೊಡೆದುಕೊಂಡಿತು. ಅವರಿಗೆ ಕಿವಿ ಮಂದ, ಯಾವಾಗಲೂ ಸ್ಪೀಕರಿನಲ್ಲೇ ಮಾತಾಡುವುದು. ಗುಂಡಿ ಒತ್ತಿದರು.

"ಅಲೋ, ಇಂದ್ರಾಣಿ ಅವ್ರಾ?" ಅಂತ ಯಾರೋ ಹೆಂಗಸಿನ ದನಿ. ಕೆಳಗಿನ ಸಣ್ಣ ಅಕ್ಷರ ಓದಿರಲಿಲ್ಲ ಅಂತ ಕಾಣುತ್ತದೆ.

ನಾಗರತ್ನ ಫೋನು ಕಿತ್ತುಕೊಳ್ಳಲು ಕೈ ಚಾಚಿದರು. ದ್ಯಾವಮ್ಮ ಆ ಕೈಯನ್ನು ಪಕ್ಕಕ್ಕೆ ಸರಿಸಿ, ಫೋನನ್ನು ಬಾಯಿಯ ಹತ್ತಿರಕ್ಕೆ ತಂದರು.

"ಇಲ್ಲ ಕಣವ್ವ, ಅವ್ಳು ಎಲ್ಲೋ ಆಚೆಗೋಗವ್ಳೆ. ನಾನು ಅವ್ರವ್ವ. ಏನೇಳ್ಬೇಕಿತ್ತು?"

"ಬೋ ಚೆಂದಾಗ್ ಬರ್ದವ್ರೆ, ಓದಿ ಅಳೂನೇ ಬಂದ್ಬುಡ್ತು. ಏಳ್ಬುಡಿ ಅವ್ರಿಗೆ."

"ಏಳ್ತೀನಿ ಕಣವ್ವ. ಬಂದೇಟ್ಗೆ ಏಳ್ತೀನಿ."